ಸೂಳೆಕೆರೆಯಲ್ಲಿ ಮತ್ಸ್ಯವಿನೋದ

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ದೊರೆ, ತನ್ನ ತಂದೆಯಾದ ಆರನೆಯ ವಿಕ್ರಮಾದಿತ್ಯನು ಐವತ್ತು ವರ್ಷಗಳ ಕಾಲ ಆಳಿ ಬೆಳೆಸಿದ ರಾಜ್ಯವು 1126ರ ಸುಮಾರಿನಲ್ಲಿ ಅನಾಯಾಸವಾಗಿ ಕೈಸೇರಲು, ಇನ್ನು ಗೆಲ್ಲುವುದಕ್ಕೇನೂ ಉಳಿದಿಲ್ಲವೆಂದೋ, ಗೆಲ್ಲುವ ಉದ್ಯೋಗವು ತನ್ನ ಜಾಯಮಾನಕ್ಕೆ ಒಗ್ಗತಕ್ಕದ್ದಲ್ಲವೆಂದೋ ಬಗೆದು, ಖಡ್ಗವನ್ನು ಗೂಟಕ್ಕೆ ತೂಗುಹಾಕಿ ಲೇಖನಿಯನ್ನು ಹಿಡಿದು, 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಆನೆಯನ್ನು ಪಳಗಿಸುವುದು, ರತ್ನವನ್ನು ಪರೀಕ್ಷಿಸುವುದು, ಮಂತ್ರಿಯನ್ನು ಆರಿಸುವುದು, ಅಡಿಗೆಯನ್ನು ಅಟ್ಟು ಬಡಿಸುವುದು, ವೀಣೆಯ ತಂತಿಯನ್ನು ಬಿಗಿಯುವುದು—ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ. ಅಂತೆಯೇ ಸರ್ವಜ್ಞನೆಂಬ ಬಿರುದು ಅವನ ಹೆಸರಿನೊಡನೆ ಸೇರಿಕೊಂಡಿದೆ. ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ, ರಾಜರಾದವರು ಹೊತ್ತನ್ನು ಕಳೆಯತಕ್ಕ ಬಗೆಗಳನ್ನು ಇಪ್ಪತ್ತು ವಿನೋದಗಳಾಗಿ ವಿಂಗಡಿಸಿ ನಿರೂಪಿಸುವಾಗ, ಗಾಳ ಹಾಕಿ ಮೀನು ಹಿಡಿಯುವ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ಯಾರಿಗೂ ಅಪಾಯ ಮಾಡದೆ ಬಿದ್ದುಕೊಂಡಿದ್ದ ಈ ಅಧ್ಯಾಯವು, ಕೆಲಸದಿಂದ ನಿವೃತ್ತನಾಗಿ ಏನನ್ನು ಓದಬೇಕೆಂದು ತಿಳಿಯದೆ ಎಲ್ಲವನ್ನೂ ಓದುತ್ತಿದ್ದ ಒಬ್ಬ ಸಂಸ್ಕೃತೋಪಾಧ್ಯಾಯನ ಕೈಗೆ ಸಿಕ್ಕಿದ್ದೇ ಈ ಪ್ರಬಂಧಕ್ಕೆ ಕಾರಣ.

ರಾಜನ ಮಾತನ್ನು ಮಾತ್ರ ನಂಬಿ ಹೊರಟೆನೆಂದು ಓದುಗರು ಭಾವಿಸಬಾರದು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ಈ ಅಧ್ಯಾಯವನ್ನು ಆಮೂಲಾಗ್ರವಾಗಿ ಪರಿಶೀಲಿಸಿ 1951ರಲ್ಲಿ ಒಂದು ವಿದ್ವತ್ಪೂರ್ಣ ಲೇಖನವನ್ನೇ ಬರೆದಿದ್ದಾರೆ. ಹುರುಪೆಯುಳ್ಳ ಮೀನು ಯಾವುದು, ಇಲ್ಲದ್ದು ಯಾವುದು; ಕಡಲಿನದು ಯಾವುದು, ಹೊಳೆಯದು ಯಾವುದು; ಯಾವ ಮೀನಿಗೆ ಎಂತಹ ಉಂಡೆ ರುಚಿಸುತ್ತದೆ; ಕೋಲು, ದಾರ, ಕೊಕ್ಕೆ, ಬೆಂಡು ಹೇಗಿರತಕ್ಕದ್ದು—ಎಲ್ಲವೂ ಅಲ್ಲಿದೆ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದ ವಿಧಿಯೆಂದರೆ, ಮೀನು ಹಿಡಿಯುವುದಕ್ಕೆ ಮುಂಚೆ ಆಯಾ ಜಾತಿಯ ಮೀನಿಗೆ ಹಿತವಾದ ಆಹಾರವನ್ನು ನೀರಿಗೆ ಹಾಕಿ ಹಾಕಿ, ಅವುಗಳಿಗೆ ಆ ಸ್ಥಳದಲ್ಲಿ ನಂಬಿಕೆಯನ್ನು ಹುಟ್ಟಿಸಬೇಕೆಂಬುದು. ಮೊದಲು ಉಪಚಾರ, ಅನಂತರ ಉಪದ್ರವ! ರಾಜನೀತಿಯನ್ನು ಬರೆದ ಕೈಯೇ ಇದನ್ನೂ ಬರೆದಿದೆಯೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ನನ್ನ ಹೆಂಡತಿಯು ಈ ಸಂಗತಿಯನ್ನು ನೆನಪಿಸಿ, “ಹಿಡಿದ ಮೇಲೆ ಅದನ್ನೇನು ಮಾಡುತ್ತೀರಿ?” ಎಂದು ಕೇಳಿದಳು. “ನೀರಿಗೇ ಬಿಟ್ಟುಬಿಡುತ್ತೇನೆ,” ಎಂದೆ. “ನೀರಿನಲ್ಲೇ ಇದೆಯಲ್ಲ,” ಎಂದಳು. ತರ್ಕಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದಕ್ಕೆ ಸಮಾಧಾನ ತೋಚಲಿಲ್ಲವಾದ್ದರಿಂದ, ಗಂಡಸರು ಇಂತಹ ಸಂದರ್ಭದಲ್ಲಿ ಮಾಡತಕ್ಕ ರೀತಿಯಲ್ಲಿ, ಕೇಳಿಸಲಿಲ್ಲವೆಂಬಂತೆ ಪಂಚಾಂಗವನ್ನು ತಿರುವಿ ಹಾಕಿದೆ.

ಸರೋವರದ ಆಯ್ಕೆಯಲ್ಲಿ ನಾನು ಅನುಮಾನಿಸಲಿಲ್ಲ. ಚನ್ನಗಿರಿಯ ಸೂಳೆಕೆರೆಯನ್ನು ಕಟ್ಟಿಸಿದ್ದು ಸೋಮೇಶ್ವರನ ಕಾಲದ ಆಸುಪಾಸಿನಲ್ಲಿಯೇ ಎಂದು ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಶಾಸ್ತ್ರಕ್ಕೆ ಹನ್ನೆರಡನೆಯ ಶತಮಾನದ ನೀರೇ ಯೋಗ್ಯವಾದದ್ದು. ಎರಡು ಗುಡ್ಡಗಳ ನಡುವಣ ಸಂದಿಗೆ ಒಂದು ಏರಿಯನ್ನು ಹಾಕಿ, ಹರಿದ್ರಾ ಎಂಬ ಹಳ್ಳವನ್ನು ತಡೆದು, ಆರೂವರೆ ಸಾವಿರ ಎಕರೆಯ ಜಲರಾಶಿಯನ್ನು ಹಿಡಿದು ನಿಲ್ಲಿಸಿದವರು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ. ಈ ಕೆರೆಯನ್ನು ಕಟ್ಟಿಸಿದಳೆನ್ನುವ ಶಾಂತವ್ವನ ಕಥೆಯೂ, ಅವಳು ಸೂಳೆಯರಿಗೆ ಕೊಟ್ಟ ಮಾತಿನ ಕಥೆಯೂ ಆ ಸೀಮೆಯಲ್ಲಿ ಪ್ರಸಿದ್ಧವಾದದ್ದೇ. ಸರ್ಕಾರದ ಕಾಗದಗಳು ಇದನ್ನು ಶಾಂತಿಸಾಗರವೆನ್ನುತ್ತವೆ. ಬಸ್ಸಿನ ಕಂಡಕ್ಟರು ಹಾಗೆನ್ನುವುದಿಲ್ಲ. ಇದು ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂದು ಆ ಸೀಮೆಯ ಪ್ರತಿಯೊಬ್ಬನೂ, ಕೇಳದಿದ್ದರೂ ಹೇಳುವನು. ಮೊದಲನೆಯದು ಯಾವುದೆಂದು ಕೇಳಿದರೆ ಮಾತ್ರ, ಮದುವೆಯ ಮಾತುಕತೆಯಲ್ಲಿ ವರನ ಸಂಬಳವನ್ನು ಕೇಳಿದ ಹಾಗೆ, ಸುತ್ತಲಿದ್ದವರೆಲ್ಲ ಬೇರೆ ಕಡೆ ನೋಡತೊಡಗುವರು.

ಋತುವಿನ ಆಯ್ಕೆ ಪಂಚಾಂಗದ್ದು. ಕೃತ್ತಿಕೆಯ ಮಳೆ ಹೆಸರಿಗೆ ಮಾತ್ರ ಬಂದುಹೋಗಿ, ರೋಹಿಣಿ ಇನ್ನೂ ಕೂಡದಿದ್ದ ಬೇಸಗೆಯ ಆ ಕಟ್ಟಕಡೆಯ ದಿನಗಳಲ್ಲಿ, ಕೆರೆಯ ನೀರು ಅಂಚಿನಿಂದ ಬಹುದೂರ ಹಿಂದಕ್ಕೆ ಸರಿದು, ಬಿರುಕುಬಿಟ್ಟ ಅಂಗಳವು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿರುತ್ತದೆ. ನೀರು ಕಡಿಮೆ, ಮೀನು ಅಷ್ಟೇ. ಆದುದರಿಂದ ಒಂದು ಕೊಡ ನೀರಿಗೆ ಬೀಳುವ ಮೀನಿನ ಪಾಲು ಹೆಚ್ಚು. ಆದುದರಿಂದ ನನ್ನ ಪಾಲೂ ಹೆಚ್ಚು. ಈ ಅನುಮಾನಪ್ರಮಾಣದಲ್ಲಿ ದೋಷವೆಲ್ಲಿದೆಯೆಂದು ಈಗಲೂ ಯಾರಾದರೂ ತೋರಿಸಲಿ.

ಸಿದ್ಧತೆಯನ್ನು ವಿಸ್ತರಿಸುವುದಿಲ್ಲ. ಬಿದಿರಿನ ಕೋಲು ಒಂದು, ನೈಲಾನು ದಾರ, ಸೀಸದ ಗುಂಡು, ನವಿಲುಗರಿಯ ದಂಟಿನ ಬೆಂಡು. ಉಂಡೆಗಳಿಗೆ ಹುರಿಗಡಲೆಯ ಹಿಟ್ಟು, ಎಳ್ಳಿನ ಪುಡಿ, ಮೆತ್ತಗೆ ಬೆಂದ ಅನ್ನ. ಮೀನುಗಳಲ್ಲಿ ವಿಶ್ವಾಸವನ್ನು ಹುಟ್ಟಿಸುವ ಪೂರ್ವಭಾವಿ ಸೇವೆಗಾಗಿ ಶೇಂಗಾ ಹಿಂಡಿ ಮತ್ತು ಅಕ್ಕಿತೌಡು. ಕಾಟ್ಲಾ ಮೀನು ಇದಕ್ಕೆ ಪ್ರಾಣ ಬಿಡುತ್ತದೆಂದು ಚನ್ನಗಿರಿಯ ಅಂಗಡಿಯವನು ಪ್ರಮಾಣ ಮಾಡಿದ್ದನು. ದೊರೆಗಾದರೆ ಈ ಸೇವೆಗೆ ಊಳಿಗದವರಿದ್ದರು. ನಾನು ಕೆರೆಯಂಚಿನ ಹಳ್ಳಿಯೊಂದರ ಹುಡುಗನನ್ನು ಗೊತ್ತುಮಾಡಿ, ನೀರಿನಲ್ಲಿ ಒಂದು ಗೂಟವನ್ನು ನೆಟ್ಟು, ಪ್ರತಿದಿನವೂ ತಪ್ಪದೆ ಅದರ ಸುತ್ತ ಹಿಂಡಿ ತೌಡುಗಳನ್ನು ಎರಚತಕ್ಕದ್ದೆಂದು ವಿಧಿಸಿ, ಸಂಭಾವನೆಯನ್ನು ಮುಂಗಡವಾಗಿ ಕೊಟ್ಟೆ. ಹುಡುಗನು ಪ್ರಾಮಾಣಿಕನಾಗಿದ್ದನು. ಮುಂದಿನ ಅನರ್ಥವೆಲ್ಲವೂ ಅವನ ಪ್ರಾಮಾಣಿಕತೆಯಿಂದಲೇ ಆದದ್ದು.

ನಿಶ್ಚಯಿಸಿದ ದಿನ ನಾನು ಕೆರೆಯನ್ನು ಸೇರುವಷ್ಟರಲ್ಲಿ ಸೂರ್ಯನು ನೆತ್ತಿಗೆ ಬಂದಿದ್ದನು. ಸಿದ್ಧೇಶ್ವರನಿಗೆ ಏರಿಯ ಮೇಲಿನಿಂದಲೇ ಕೈಮುಗಿದು, ಅಂಗಳದ ಕಡೆಗೆ ಇಳಿದು, ಪಂಚೆಯನ್ನು ಎತ್ತಿ ಕಟ್ಟಿ, ಮೊಳಕಾಲುದ್ದದ ನೀರಿನಲ್ಲಿ ನಿಂತು ಗಾಳವನ್ನು ಬೀಸಿದೆ. ಬೆಂಡು ನೆಟ್ಟ ಗೂಟದ ಪಕ್ಕದಲ್ಲಿಯೇ ಬಿದ್ದಿತು. ಅದಾದ ಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ.

ಏನೂ ಆಗಲಿಲ್ಲವೆನ್ನುವುದು ಪೂರ್ತಿ ಸತ್ಯವಲ್ಲ. ಒಬ್ಬ ಸಲಹೆಗಾರನು ಬಂದನು. ನಮ್ಮ ದೇಶದಲ್ಲಿ ಯಾವನಾದರೂ ಕೈಯಿಂದ ಏನನ್ನಾದರೂ ಮಾಡತೊಡಗಿದರೆ, ಅದನ್ನು ಎಂದೂ ಮಾಡದವನೊಬ್ಬನು ಪಕ್ಕದಲ್ಲಿ ಉದ್ಭವಿಸುವುದು ಪ್ರಕೃತಿನಿಯಮ. ಬಾವಿ ತೋಡುವಲ್ಲಿ, ಲಾರಿಯ ಚಕ್ರ ಬದಲಿಸುವಲ್ಲಿ, ಹೆಣಕ್ಕೆ ಚಟ್ಟ ಕಟ್ಟುವಲ್ಲಿ ಸಹ ಇವನು ಇದ್ದೇ ಇರುತ್ತಾನೆ. ನನ್ನವನ ಕೈಯಲ್ಲಿ ಕೊಡೆಯಿತ್ತು, ಬಾಯಲ್ಲಿ ಅಡಿಕೆಯಿತ್ತು. ದಾರ ದಪ್ಪವಾಯಿತೆಂದನು; ಬೆಂಡು ಸಣ್ಣದಾಯಿತೆಂದನು; ನಿಂತ ದಿಕ್ಕು ಸರಿಯಲ್ಲವೆಂದನು; ನನ್ನ ನೆರಳು ನೀರಿನ ಮೇಲೆ ಬಿದ್ದು ಮೀನು ಹೆದರುತ್ತಿದೆಯೆಂದನು. ಮಟಮಟ ಮಧ್ಯಾಹ್ನದಲ್ಲಿ ನನ್ನ ನೆರಳು ನನ್ನ ಕಾಲಡಿಯಲ್ಲಿಯೇ ಇತ್ತೆಂಬುದನ್ನು ತೋರಿಸಿದರೆ, “ಅದಕ್ಕೇ ಮತ್ತೆ, ಮೀನೂ ಅಲ್ಲೇ ಇರ್ತೈತಿ,” ಎಂದನು. ನಾನು ಮೌನವ್ರತವನ್ನು ಕೈಗೊಂಡೆ. ಅವನು ಕೈಗೊಳ್ಳಲಿಲ್ಲ.

ನಿಜವಾಗಿ ಆ ಹೊತ್ತಿಗೆ ಮೀನು ಎಲ್ಲಿರುತ್ತದೆಂಬುದನ್ನು ಬಲ್ಲವನೊಬ್ಬನು ಸ್ವಲ್ಪ ದೂರದಲ್ಲಿಯೇ ಇದ್ದನು. ಮಗುಚಿಹಾಕಿದ ಹರಿಗೋಲಿನ ನೆರಳಿನಲ್ಲಿ ಕುಳಿತು ಬಲೆಯನ್ನು ಬಿಡಿಸುತ್ತಿದ್ದ ಆ ಮುದಿಯ ಬೆಸ್ತನು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿದನು. ಅಷ್ಟರಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟಿದ್ದನೆಂದು ನನಗೆ ಅರ್ಥವಾದದ್ದು ಅನಂತರ.

ಆಗ ಬೆಂಡು ಕದಲಿತು.

ಇಲ್ಲಿ ಓದುಗರು ಸ್ವಲ್ಪ ತಾಳ್ಮೆಯಿಂದಿರಬೇಕು. ಏಕೆಂದರೆ ನನ್ನ ಆಯುಷ್ಯದಲ್ಲಿ ವೀರರಸವು ಸ್ಥಾಯಿಯಾಗಿ ನಿಂತದ್ದು ಈ ಒಂದು ಮುಹೂರ್ತದಲ್ಲಿ ಮಾತ್ರ. ಮೊದಲು ಬೆಂಡು ಸಂದೇಹಗ್ರಸ್ತವಾದಂತೆ ಒಂದೆರಡು ಸಲ ತೂಗಾಡಿತು. ಅನಂತರ ಯಾವ ಆತುರವನ್ನೂ ತೋರದೆ, ಮುಳುಗದೆ, ಒಂದು ಪಕ್ಕಕ್ಕೆ ಸರಿಯಿತು. ದಾರವು ನೀರಿನಿಂದ ಹನಿಗಳನ್ನು ಕೊಡವಿಕೊಂಡು ಮೇಲೆದ್ದು ನೆಟ್ಟಗಾಯಿತು. ಬಿದಿರಿನ ಕೋಲು, ಆ ತನಕ ನಿರ್ಜೀವವಾಗಿದ್ದದ್ದು, ಶಿವಧನುಸ್ಸಿನಂತೆ ಬಾಗಿತು. ಸಣ್ಣ ಮೀನಾದರೆ ಜಗ್ಗುತ್ತದೆ, ಕೊಸರುತ್ತದೆ, ಅತ್ತಿತ್ತ ಓಡುತ್ತದೆಂದು ಓದಿದ್ದೆ. ಇದು ಜಗ್ಗಲಿಲ್ಲ, ಕೊಸರಲಿಲ್ಲ. ಸಿಂಹಾಸನದಿಂದ ಎದ್ದು ಅಂತಃಪುರಕ್ಕೆ ತೆರಳುವ ಸಾರ್ವಭೌಮನ ಗಾಂಭೀರ್ಯದಿಂದ ಅದು ಕೆರೆಯ ಮಧ್ಯದ ಕಡೆಗೆ ಹೊರಟಿತು, ನಾನೂ ಹೊರಟೆ. ಹೊರಡದೆ ಉಪಾಯವಿರಲಿಲ್ಲ, ಏಕೆಂದರೆ ನನ್ನ ಗಾಳಕ್ಕೆ ದಾರವನ್ನು ಸಡಿಲಿಸತಕ್ಕ ರಾಟೆಯಿರಲಿಲ್ಲ. ಇದ್ದ ರಾಟೆಯೆಂದರೆ ನನ್ನ ಎರಡು ಕಾಲುಗಳು.

ನೀರು ತೊಡೆಗೆ ಬಂದಿತು. ಕೆಳಗೆ ಎಂಟುನೂರು ವರ್ಷಗಳ ಹೂಳು ನನ್ನ ಪಾದಗಳನ್ನು ಒಂದೊಂದಾಗಿ ಹಿಡಿದು, ವಿಚಾರಿಸಿ, ಬಿಡುತ್ತಿತ್ತು. ಚಪ್ಪಲಿಯ ವಿಚಾರದಲ್ಲಿ ಅದು ಬಿಡಲಿಲ್ಲ. ನನ್ನ ಬುದ್ಧಿಯಾದರೋ ಆ ಸಂಕಟದಲ್ಲಿಯೂ ಲೆಕ್ಕ ಹಾಕುತ್ತಿತ್ತು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಗಾಳ ಹಾಕಿ ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತೆಂದು ಪ್ರಸಿದ್ಧಿ. ಆ ದಾಖಲೆ ಬಹುಕಾಲ ಮುರಿಯಲಿಲ್ಲವೆಂದು ಹೇಳುತ್ತಾರೆ. ಬಿಳಿಮೀನು ಹರಿಯುವ ಹೊಳೆಯದು, ನಿಂತ ಕೆರೆಯದಲ್ಲವೆಂಬ ಆಕ್ಷೇಪಣೆಯನ್ನು ನಾನೇ ಎತ್ತಿ, ಭದ್ರಾ ನಾಲೆಯ ನೀರು ಈ ಕೆರೆಗೆ ಬರುತ್ತದೆಯಾದ್ದರಿಂದ ಮೀನೂ ಅದರೊಡನೆ ಬಂದಿರಬಹುದೆಂದು ನಾನೇ ಪರಿಹರಿಸಿದೆ. ಇದರ ತೂಕ 120 ಪೌಂಡಿಗೆ ಕಡಿಮೆಯಿಲ್ಲವೆಂದು ನನ್ನ ಭುಜಗಳು ಸಾಕ್ಷಿ ಹೇಳುತ್ತಿದ್ದವು. ಆಗಲೇ ಪತ್ರಿಕೆಯವರಿಗೆ ಕೊಡತಕ್ಕ ಹೇಳಿಕೆಯ ಮೊದಲ ವಾಕ್ಯವು ಸಂಸ್ಕೃತಭೂಯಿಷ್ಠವಾಗಿ ಸಿದ್ಧವಾಗಿತ್ತು.

ದಂಡೆಯ ಮೇಲೆ ಜನ ಸೇರಿದರು. ಸಲಹೆಗಾರನು ಕೊಡೆಯನ್ನು ಮಡಿಸಿ ಅದರಿಂದ ಸೈನ್ಯವನ್ನು ನಡೆಸತೊಡಗಿದನು. “ಎಳೀರಿ!” ಎಂದನು, ಎಳೆದೆ. “ಬಿಡ್ರಿ!” ಎಂದನು, ಬಿಡುವುದು ನನ್ನ ಕೈಯಲ್ಲಿರಲಿಲ್ಲ. ನೀರು ಸೊಂಟಕ್ಕೇರಿತು. ಗಜೇಂದ್ರಮೋಕ್ಷದ ಪ್ರಸಂಗವು ನೆನಪಿಗೆ ಬಂದು, ದಂಡೆಯಿಂದ ನೀರಿಗೆ ಎಳೆಯಲ್ಪಡತಕ್ಕವನು ಆ ಕಥೆಯಲ್ಲಿ ಯಾರೆಂದು ಯೋಚಿಸಿ, ಭಗವನ್ನಾಮಸ್ಮರಣೆಗೆ ಇದೇ ಸಮಯವೆಂದು ದಶಾವತಾರಗಳನ್ನು ಹೇಳಿಕೊಳ್ಳತೊಡಗಿದೆ. ಆದರೆ ಮೊದಲನೆಯ ಅವತಾರವು ಸದ್ಯಕ್ಕೆ ದಾರದ ಆ ತುದಿಯ ಪಕ್ಷದ್ದೆಂಬುದು ಹೊಳೆದು, ಮತ್ಸ್ಯವನ್ನು ಬಿಟ್ಟು ಕೂರ್ಮದಿಂದ ಆರಂಭಿಸಿದೆ.

ವರಾಹಕ್ಕೆ ಬರುವಷ್ಟರಲ್ಲಿ, ಬೆಂಡಿನಿಂದ ಒಂದು ಮಾರು ಮುಂದೆ, ನೀರಿನ ಮೇಲೆ ಎರಡು ಕಪ್ಪು ರಂಧ್ರಗಳು ಕಾಣಿಸಿಕೊಂಡು, ಗಟ್ಟಿಯಾಗಿ ಒಮ್ಮೆ ಉಸಿರುಬಿಟ್ಟವು.

ಅಲ್ಪವಿದ್ಯೆಯವನಾಗಿದ್ದರೆ ಅಲ್ಲಿಯೇ ತಿಳಿದುಕೊಳ್ಳುತ್ತಿದ್ದನು. ನಾನು ಓದಿದವನು. ಕೊರಮೀನು, ಚೇಳುಮೀನು ಮುಂತಾದವು ನೀರಿನಲ್ಲಿ ಪ್ರಾಣವಾಯು ಸಾಲದಾದಾಗ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಸೇವಿಸುತ್ತವೆಂಬುದು ನನಗೆ ಗೊತ್ತಿತ್ತು. ಆದಕಾರಣ ಇದು ಭಾರಿಯಾದೊಂದು ಕೊರಮೀನೆಂದು ನಿಶ್ಚಯಿಸಿದೆ. ಅನಂತರ ಎರಡು ಕಿವಿಗಳು ಎದ್ದು, ನೊಣವನ್ನು ಓಡಿಸುವಂತೆ ಪಟಪಟನೆ ಬಡಿದವು. ಮೀನುಗಳಿಗೆ ಈಜುರೆಕ್ಕೆಗಳಿರುತ್ತವೆ, ಪ್ರಾಯಕ್ಕೆ ಬಂದ ಮೀನಿನಲ್ಲಿ ಅವು ದೊಡ್ಡವಾಗಿರುವುದು ಅಸಂಭವವೇನಲ್ಲ. ತರುವಾಯ, ಹಿಂದಕ್ಕೆ ಬಾಗಿದ ಎರಡು ಕೊಂಬುಗಳು ನೀರನ್ನು ಸೀಳಿಕೊಂಡು ಮೇಲೆದ್ದು ಬಿಸಿಲಿನಲ್ಲಿ ಮಿರುಗಿದವು. ಇಲ್ಲಿ ಹೋರಾ ಅವರ ಶಾಸ್ತ್ರವು ನನ್ನನ್ನು ಕೈಬಿಟ್ಟಿತು. ಪುರಾಣವು ಮಾತ್ರ ಇನ್ನೂ ಕ್ಷಣಕಾಲ ಹಿಡಿದಿತ್ತು, ಏಕೆಂದರೆ ಪ್ರಳಯದಲ್ಲಿ ಮನುವಿನ ನಾವೆಯನ್ನು ಕಟ್ಟಿ ಎಳೆದ ಮಹಾಮತ್ಸ್ಯಕ್ಕೆ ಕೊಂಬಿತ್ತೆಂಬುದು ಪ್ರಸಿದ್ಧವೇ ಆಗಿದೆ. ಮನುವಿನ ಸ್ಥಾನದಲ್ಲಿ ನಿಂತು ನಾನು ಮುಂದಿನ ಮನ್ವಂತರದ ಕಡೆಗೆ ಇನ್ನೆರಡು ಹೆಜ್ಜೆಯನ್ನು ಇಟ್ಟೆ.

ಆಗ ಅದು ತಲೆಯನ್ನು ತಿರುಗಿಸಿ, ಬಾಯಲ್ಲಿದ್ದ ಹಿಂಡಿಯನ್ನು ಮೆಲುಕು ಹಾಕುತ್ತ, ನನ್ನನ್ನು ದೀರ್ಘವಾಗಿ ನೋಡಿತು.

ನನ್ನ ಪ್ರಾಮಾಣಿಕ ಹುಡುಗನು ಪ್ರತಿದಿನವೂ ಗೂಟದ ಸುತ್ತ ಎರಚಿದ ಶೇಂಗಾ ಹಿಂಡಿಯೂ ಅಕ್ಕಿತೌಡೂ, ರಾಜಶಾಸನದಲ್ಲಿ ಹೇಳಿದ ಪ್ರಕಾರವೇ, ಆಸುಪಾಸಿನ ಪ್ರಾಣಿಗಳಲ್ಲಿ ಆ ಸ್ಥಳದ ವಿಷಯಕ್ಕೆ ಅಚಲವಾದ ನಂಬಿಕೆಯನ್ನು ಹುಟ್ಟಿಸಿದ್ದವು. ಪ್ರಾಣಿಯ ಜಾತಿಯಲ್ಲಿ ಮಾತ್ರ ವ್ಯತ್ಯಾಸವಾಗಿತ್ತು. ಮಧ್ಯಾಹ್ನದ ಸೆಕೆಗೆ ನೀರಿಗಿಳಿಯುವ ಎಮ್ಮೆಗಳಿಗೆ ಸ್ನಾನದ ಜೊತೆಗೆ ಭೋಜನವೂ ಸಿಕ್ಕುವುದು ರೂಢಿಯಾಗಿಬಿಟ್ಟಿತ್ತು. ಕೊಕ್ಕೆಯು ಅದರ ಕೊರಳ ಹಗ್ಗದ ಗಂಟಿಗೆ ಸಿಕ್ಕಿಕೊಂಡಿತ್ತೇ ಹೊರತು ಅದರ ಮೈಗೆ ಒಂದು ಗೀರೂ ಆಗಿರಲಿಲ್ಲ. ಈ ಒಂದು ಪುಣ್ಯವು ನನ್ನ ಪೂರ್ವಜರದು.

ದಂಡೆಯಿಂದ ಒಬ್ಬ ಮುದುಕಿಯು ಬಾಯಿ ಬಡಿದುಕೊಂಡು ಓಡಿಬಂದು, “ಹಾಡಹಗಲೇ ಎಮ್ಮಿ ಹೊಡಕೊಂಡು ಹೊಂಟಾನ!” ಎಂದು ಕೂಗಿದಳು. ಯಾರನ್ನು ಯಾರು ಹೊಡೆದುಕೊಂಡು ಹೊರಟಿದ್ದರೆಂಬುದು ನೋಡಿದವರಿಗೆಲ್ಲ ಸ್ಪಷ್ಟವಾಗಿದ್ದರೂ, ಒಬ್ಬನೂ ನನ್ನ ಪಕ್ಷದಲ್ಲಿ ಸಾಕ್ಷಿ ನುಡಿಯಲಿಲ್ಲ. ಸಲಹೆಗಾರನು, ತಾನು ಮೊದಲಿನಿಂದಲೂ ಬೇಡವೆಂದೇ ಹೇಳುತ್ತಿದ್ದೆನೆಂದು ಪಕ್ಕದವನಿಗೆ ತಿಳಿಸುತ್ತಿದ್ದನು. ಮುದುಕಿ ನೀರಿಗಿಳಿದು, ಎರಡು ಬೆರಳಿನಿಂದ ಕೊಕ್ಕೆಯನ್ನು ಬಿಡಿಸಿ, ಎಮ್ಮೆಯ ಬೆನ್ನಿನ ಮೇಲೆ ಒಂದು ಬಡಿದು, ನನ್ನ ಪಂಚೆ, ಕನ್ನಡಕ, ಕೋಲುಗಳನ್ನು ಒಂದೊಂದಾಗಿ ಅವಲೋಕಿಸಿ, ದನಿಯನ್ನು ತಗ್ಗಿಸಿ ಕೇಳಿದಳು: “ಬೇಕಾಗಿತ್ತೇನಪ್ಪಾ ಎಮ್ಮಿ? ಕೊಡಾದಾದ್ರೆ ಎರಡನೇ ಸೂಲಿಂದು.” ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಸಂದರ್ಭಕ್ಕೇ ಇರಬೇಕು. ನಾನು ಬೆಲೆ ಕಟ್ಟಲಿಲ್ಲ. ಅಷ್ಟರಲ್ಲಿ ದಂಡೆಯ ಮೇಲಿಟ್ಟಿದ್ದ ನನ್ನ ಚೀಲದಿಂದ ಹುರಿಗಡಲೆಯ ಉಂಡೆಗಳನ್ನು ಇನ್ನೊಂದು ಎಮ್ಮೆ ಮುಗಿಸಿತ್ತು.

ಮನೆಗೆ ಬಂದ ಮೇಲೆ ಗ್ರಂಥವನ್ನು ತೆರೆದು ನೋಡಿದೆ. ಅದೇ ವಿಂಶತಿಯಲ್ಲಿ, ಮತ್ಸ್ಯವಿನೋದಕ್ಕೆ ಕೆಲವು ಅಧ್ಯಾಯಗಳ ಹಿಂದೆ, ಮಹಿಷವಿನೋದವೆಂಬುದೂ ಇದೆ. ಅಲ್ಲಿ ಕೋಣಗಳ ಕಾಳಗದ ವಿಚಾರ. ಸರ್ವಜ್ಞನಾದ ದೊರೆ ಎರಡನ್ನೂ ಬೇರೆ ಬೇರೆಯಾಗಿ ಇಟ್ಟಿದ್ದನು. ಒಂದೇ ಗಾಳದಿಂದ ಎರಡನ್ನೂ ಸಾಧಿಸಿದ ಕೀರ್ತಿ, ನನಗೆ ತಿಳಿದಮಟ್ಟಿಗೆ, ಈ ಬಡ ಉಪಾಧ್ಯಾಯನೊಬ್ಬನದೇ.

ಆದರೆ ನಾನು ಮನೆಗೆ ಬಂದದ್ದು ಸಂಜೆಗೆ. ಅದಕ್ಕೆ ಮೊದಲು, ಪಂಚೆ ಆರಬೇಕಾದ್ದರಿಂದ, ಆ ಬೆಸ್ತನ ಹರಿಗೋಲಿನ ನೆರಳಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಅಷ್ಟು ಜನರಲ್ಲಿ ನಗದೆ ಇದ್ದವನು ಅವನೊಬ್ಬನೇ. ಮರ್ಯಾದೆಯಿಂದಲೋ, ದಣಿವಿನಿಂದಲೋ ಹೇಳಲಾರೆ. ನಾನು ಕೇಳಿದ್ದಕ್ಕೆ, ಕೈಯ ಕೆಲಸವನ್ನು ನಿಲ್ಲಿಸದೆ, “ಈ ಬಿಸಿಲಾಗ ಮೀನು ಮ್ಯಾಲೆ ಯಾಕ್ ಬರ್ತೈತ್ರಿ? ತಳದಾಗ ತಂಪಿರ್ತೈತಿ, ಅಲ್ಲಿ ಬಿದ್ದಿರ್ತೈತಿ,” ಎಂದನು. ಕಾದ ನೀರು ಪ್ರಾಣವಾಯುವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳಲಾರದು; ರಾತ್ರಿಯೆಲ್ಲ ಪಾಚಿಯೂ ಅದನ್ನೇ ಉಸಿರಾಡಿ ಮುಗಿಸುವುದರಿಂದ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆಯಾಗಿ, ಮೀನುಗಳು ಮೇಲ್ಮೈಗೆ ಬಂದು ಬಾಯ್ಬಿಡುತ್ತವೆ. ಇದನ್ನು ನಾನು ಪುಸ್ತಕದಿಂದ ಬಲ್ಲೆ. ಅವನು ಅದನ್ನು ರಾತ್ರಿ ಬಲೆಯನ್ನು ಬಿಟ್ಟು, ಕೋಳಿ ಕೂಗುವ ಮುನ್ನ ಎದ್ದು, ಆ ಮಬ್ಬಿನಲ್ಲಿ ಒಬ್ಬನೇ ಹರಿಗೋಲನ್ನು ತಿರುಗಿಸುತ್ತ ಹೋಗಿ ಬಲ್ಲನು.

ಅವನ ಬುಟ್ಟಿಯಲ್ಲಿ ಆ ದಿನ ಇದ್ದದ್ದು ಒಂದಷ್ಟು ಜಿಲೇಬಿ ಮೀನು, ಎರಡು ಸಣ್ಣ ರೋಹು. ಆಫ್ರಿಕ ಮೂಲದ ಜಿಲೇಬಿಯು 1952ರಲ್ಲಿ ನಮ್ಮ ದೇಶಕ್ಕೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಕೆರೆಕೆರೆಗಳಲ್ಲಿ ಸಂಸಾರ ಹೂಡಿದ ಮೀನು. ಕಾಟ್ಲಾ, ರೋಹು, ಮೃಗಾಲಗಳು ಗಂಗಾನದಿಯ ಸೀಮೆಯ ಕುಲೀನರು; ನಿಂತ ನೀರಿನಲ್ಲಿ ಅವು ಸಂತಾನವನ್ನು ಬೆಳೆಸಲೊಪ್ಪುವುದಿಲ್ಲ, ಮಳೆಗಾಲದ ಹೊಸ ಪ್ರವಾಹವೇ ಬೇಕು. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಗ್ರಂಥಿರಸದ ಸೂಜಿಮದ್ದನ್ನು ಕೊಟ್ಟು ಅವುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಮೀನುಮರಿಗಳು ಬೇಕಾದಷ್ಟು ದೊರೆತು, ನಮ್ಮ ಕೆರೆಗಳಿಗೆಲ್ಲ ಅವನ್ನು ತಂದು ಬಿಡುವುದು ಸಾಧ್ಯವಾಯಿತು. ಇದನ್ನೆಲ್ಲ ನಾನು ಉತ್ಸಾಹದಿಂದ ಅವನಿಗೆ ವಿವರಿಸಿದೆ. ಅವನು ಕೇಳಿಕೊಂಡು, “ಮರಿ ಬಿಡ್ತಾರ್ರೀ. ಬೆಳಿಯಾಕ ಬಿಡಂಗಿಲ್ಲ,” ಎಂದು, ಕೈಯಲ್ಲಿದ್ದ ಬಲೆಯನ್ನು ನನ್ನ ಕಡೆಗೆ ಹಿಡಿದನು. ಅದು ಅವನದಲ್ಲ, ನೀರಿನಲ್ಲಿ ಯಾರೋ ಬಿಟ್ಟುಹೋದದ್ದು, ಅವನ ಹರಿಗೋಲಿಗೆ ತೊಡರಿ ಬಂದದ್ದು. ಅದರ ಕಣ್ಣುಗಳಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ. ಅದರಲ್ಲಿ ಸತ್ತ ನೀರುಕಾಗೆಯೊಂದು ರೆಕ್ಕೆ ಬಿಚ್ಚಿಕೊಂಡೇ ಸಿಕ್ಕಿತ್ತು. ಒಡೆಯನಿಲ್ಲದಿದ್ದರೂ ಇಂತಹ ಬಲೆ ನೀರಿನೊಳಗೆ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ.

ರೋಹಿಣಿಯೋ ಮೃಗಶಿರವೋ ಸರಿಯಾಗಿ ಸುರಿದ ದಿನ ಹಳ್ಳಗಳು ಕೆಂಪಾಗಿ ಕೆರೆಗೆ ಬರುತ್ತವೆ. ಮೊಟ್ಟೆ ತುಂಬಿದ ಮೀನುಗಳು ಆ ಹೊಸ ನೀರಿಗೆ ಎದುರಾಗಿ ಹತ್ತುತ್ತವೆ. ಅಂದು ದೊಣ್ಣೆ, ಕತ್ತಿ, ಬುಟ್ಟಿ, ಸೊಳ್ಳೆಪರದೆಗಳನ್ನು ಹಿಡಿದು ಊರೆಲ್ಲ ಹಳ್ಳಕ್ಕೆ ಇಳಿಯುತ್ತದೆಂದೂ, ವರ್ಷವಿಡೀ ನೀರಿನ ಕಡೆ ತಲೆಹಾಕದವರೂ ಅಂದು ಬೆಸ್ತರಾಗುತ್ತಾರೆಂದೂ ಅವನು ಹೇಳಿದನು. ಅವನ ಮಗ ಈ ಕಸುಬಿಗೆ ಬರಲಿಲ್ಲ. ದಾವಣಗೆರೆಯಲ್ಲಿ ಆಟೋ ಓಡಿಸುತ್ತಾನೆ. ಮೀನಿನ ಬೆಲೆಯನ್ನು ದಂಡೆಗೆ ಬರುವ ವ್ಯಾಪಾರಿ ಹೇಳುತ್ತಾನಂತೆ. ಇವನು ಹೇಳುವುದಿಲ್ಲವೇ ಎಂದು ಕೇಳಿದೆ. ಆಗ ಮಾತ್ರ ಅವನು ನಕ್ಕನು.

ಸೋಮೇಶ್ವರ ಮಹಾರಾಜನಿಗೆ ಯಾವ ಮೀನು ಯಾವ ಉಂಡೆಗೆ ಒಲಿಯುತ್ತದೆಂದು ಹೇಳಿಕೊಟ್ಟವರು ಯಾರಿರಬಹುದು? ಕಲ್ಯಾಣದ ಅರಮನೆಯಲ್ಲಿ ಕುಳಿತು ಯೋಗದೃಷ್ಟಿಯಿಂದ ಕಂಡದ್ದಂತೂ ಆಗಿರಲಾರದು. ಯಾವುದೋ ಹೊಳೆಯ ಯಾವನೋ ಬೆಸ್ತನು ತನ್ನ ಮೊಣಕೈವರೆಗಿನ ಅನುಭವವನ್ನು ದೊರೆಯ ಮುಂದೆ ಕೈಕಟ್ಟಿ ನಿಂತು ಅರಿಕೆ ಮಾಡಿರಬೇಕು, ದೊರೆಯು ಅದನ್ನು ಶ್ಲೋಕವಾಗಿಸಿ ಸರ್ವಜ್ಞನಾಗಿರಬೇಕು. ನಾನು ನನ್ನ ಜೀವಮಾನವನ್ನೆಲ್ಲ ಇಂತಹ ಸರ್ವಜ್ಞರನ್ನು ಪಾಠ ಹೇಳುತ್ತಲೇ ಕಳೆದವನು. ನನ್ನ ಪಿಂಚಣಿಯೂ ಅದಕ್ಕಾಗಿಯೇ ಬರುತ್ತದೆ. ಆದುದರಿಂದ ಈ ವಿಷಯದಲ್ಲಿ ಇನ್ನು ಹೆಚ್ಚು ಮಾತನಾಡುವುದು ನನಗೆ ಶೋಭಿಸದು.

ಮೀನು ತಿನ್ನುವ ಓದುಗರಲ್ಲಿ, ಮೀನು ತಿನ್ನದವನೊಬ್ಬನ ವಿಜ್ಞಾಪನೆಯಿದು. ಸೂಳೆಕೆರೆಯ ಕಡೆಗೆ ಹೋದರೆ, ಬಿಸಿಲೇರುವ ಮುಂಚೆಯೇ ಹೋಗಿ, ದಂಡೆಯ ಮೇಲೆ ಬಲೆ ಬಿಡಿಸುತ್ತಿರುವವನ ಕೈಯಿಂದಲೇ ಕೊಳ್ಳಿರಿ. ಅವನು ಹೇಳಿದ ಬೆಲೆಯನ್ನು ಕೊಡಿರಿ. ಮೊದಲ ಮಳೆ ಬಿದ್ದ ವಾರದಲ್ಲಿ ಮೊಟ್ಟೆ ತುಂಬಿದ ಮೀನನ್ನು ಮಾತ್ರ ಕೇಳಬೇಡಿರಿ.